ಘಾಟಿ ಇಳಿಯಲು ಎಂಥ ಬ್ರೇಕು?

ಮುಳ್ಳಯ್ಯನಗಿರಿಯ ಮೆಟ್ಟಿಲುಗಳ ಬುಡದಿಂದ ಚಿಕ್ಕಮಗಳೂರು ಪೇಟೆಗೆ ಸೈಕಲ್‌ನಲ್ಲಿ ಇಳಿದರೆ ಹೆಚ್ಚುಕಡಿಮೆ 700 ಮೀಟರ್ ಎತ್ತರ ಇಳಿದಂತಾಗುತ್ತದೆ. ಸವಾರ, ಸೈಕಲ್, ಬೆನ್ನಿನ ಚೀಲ ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಳ್ಳಿ. ಶಾಲೆಯಲ್ಲಿ ಕಲಿತ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ ಸುಮಾರು 617 ಕಿಲೋಜೂಲ್ ಶಕ್ತಿ ಬರುತ್ತದೆ. ಎರಡು ಲೀಟರ್ ನೀರನ್ನು ಒಲೆಯ ಮೇಲಿಟ್ಟು ಕುದಿ ಬರಿಸಲು ಇಷ್ಟೇ ಶಾಖ ಸಾಕು. ನೇರ ರಸ್ತೆಯಲ್ಲಿ ಜೋರಾಗಿ ಇಳಿಯುವಾಗ ಇದರಲ್ಲಿ ದೊಡ್ಡ ಪಾಲನ್ನು ಎದುರುಗಾಳಿಯೇ ನುಂಗಿಕೊಳ್ಳುತ್ತದೆ. ಆದರೆ ಗಿರಿಯ ರಸ್ತೆ ಕಿರಿದು, ತಿರುವಿನ ಮೇಲೆ ತಿರುವು, ಎದುರಿಗೆ ಪ್ರವಾಸಿಗರ ಜೀಪುಗಳ ಸಾಲು. ನಿಧಾನವಾಗಿಯೇ ಇಳಿಯಬೇಕು. ನಿಧಾನವಾದಷ್ಟೂ ಗಾಳಿಯ ಪಾಲು ಕಡಿಮೆಯಾಗಿ ಬ್ರೇಕಿನ ಪಾಲು ಏರುತ್ತದೆ. ಬಸ್ಸು, ಲಾರಿಯವರು ಘಾಟಿಯಲ್ಲಿ ಗೇರ್ ಇಳಿಸಿ, ಎಂಜಿನ್ನಿನಿಂದಲೇ ಗಾಡಿಯನ್ನು ತಡೆದು ಇಳಿಸುತ್ತಾರೆ. ಸೈಕಲ್‌ಗೆ ಆ ಅನುಕೂಲವಿಲ್ಲ. ಆ ಶಾಖವನ್ನೆಲ್ಲ ಹೊರಬೇಕಾದದ್ದು ಚಕ್ರಗಳ ನಡುಭಾಗದಲ್ಲಿರುವ, ರೋಟರ್ ಎನ್ನುವ ಎರಡು ಉಕ್ಕಿನ ಬಿಲ್ಲೆಗಳು. ಒಂದೊಂದರ ದಪ್ಪ ಎರಡು ಮಿಲಿಮೀಟರ್‌ಗಿಂತ ಹೆಚ್ಚಿಲ್ಲ, ತೂಕ ನೂರೈವತ್ತು ಗ್ರಾಂ ಆಸುಪಾಸು.

ಮೌಂಟನ್ ಬೈಕ್ ಕೊಳ್ಳುವವರು ಬ್ರೇಕಿನ ಬಗ್ಗೆ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಜೋರಾಗಿ ಹಿಡಿಯುತ್ತದೆ’ ಎಂಬುದು. ಅಂಗಡಿಯ ನುಣುಪು ನೆಲದ ಮೇಲೆ ಎಲ್ಲ ಡಿಸ್ಕ್ ಬ್ರೇಕೂ ಜೋರಾಗಿಯೇ ಹಿಡಿಯುತ್ತದೆ. ಕೇಳಬೇಕಾದದ್ದು ಬೇರೆ: ಹತ್ತನೇ ತಿರುವಿನಲ್ಲೂ ಮೊದಲ ತಿರುವಿನಲ್ಲಿ ಹಿಡಿದ ಹಾಗೆಯೇ ಹಿಡಿಯುತ್ತದೆಯೇ? ಎರಡು ಮಳೆಗಾಲ ಕಳೆದ ಮೇಲೂ ಹಾಗೇ ಇರುತ್ತದೆಯೇ? ಹಾಗಿರಲು ಬೇಕಾದ ಪ್ಯಾಡು, ಆಯಿಲ್ಲು, ಕೈಕೆಲಸ ನಮ್ಮೂರಿನಲ್ಲಿ ಸಿಗುತ್ತದೆಯೇ? ಬ್ರೇಕ್ ಆರಿಸುವುದು ಮತ್ತು ನೋಡಿಕೊಳ್ಳುವುದು ಬೇರೆ ಬೇರೆ ವಿಷಯಗಳೆಂದು ನನಗೆ ಅನಿಸುವುದಿಲ್ಲ. ನೋಡಿಕೊಳ್ಳಲು ಆಗದ ಬ್ರೇಕು ಎಷ್ಟೇ ದುಬಾರಿಯಾದರೂ ನಮಗೆ ತಕ್ಕದ್ದಲ್ಲ.

ಶಾಖದ ತಕರಾರು ಮೌಂಟನ್ ಬೈಕಿನಷ್ಟೇ ಹಳೆಯದು. 1976ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಪಕ್ಕದ ಗುಡ್ಡದಲ್ಲಿ ಕೆಲವು ಹುಡುಗರು ಇಳಿಜಾರಿನ ಪಂದ್ಯ ಶುರುಮಾಡಿದರು. ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಮೊದಲಾದ, ಮುಂದೆ ಮೌಂಟನ್ ಬೈಕನ್ನು ರೂಪಿಸಿದವರ ಗುಂಪು ಅದು. ಎರಡು ಮೈಲಿಯಲ್ಲಿ ಸುಮಾರು 1,300 ಅಡಿ ಇಳಿಯುವ ಮಣ್ಣು ದಾರಿ. ಅವರ ಹಳೆಯ ಸೈಕಲ್‌ಗಳಲ್ಲಿ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಚಕ್ರದ ನಡುವಿನ ಹಬ್ಬಿನೊಳಗೇ ಹಿಡಿಯುವ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಹಬ್ಬಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹಬ್ಬನ್ನು ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ‘ರೀಪ್ಯಾಕ್’ ಎಂಬ ಆ ದಾರಿಯ ಹೆಸರು ಬಂದದ್ದೇ ಈ ಕೆಲಸದಿಂದ. ಆಮೇಲೆ ರಿಮ್ ಹಿಡಿಯುವ ಬ್ರೇಕು ಬಂತು, ಕೇಬಲ್ ಎಳೆಯುವ ಡಿಸ್ಕು ಬಂತು, ಕೊನೆಗೆ ಆಯಿಲ್ ತುಂಬಿದ ಹೈಡ್ರಾಲಿಕ್ ಡಿಸ್ಕು. ಬ್ರೇಕು ಬದಲಾದರೂ ಶಾಖ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಹೈಡ್ರಾಲಿಕ್ ಬ್ರೇಕಿನ ತತ್ವ 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಬ್ಲೇಸ್ ಪಾಸ್ಕಲ್ ಹೇಳಿದ್ದು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ. ಲಿವರ್ ಒತ್ತಿದಾಗ ಅದರೊಳಗಿನ ಚಿಕ್ಕ ಪಿಸ್ಟನ್ ಆಯಿಲನ್ನು ತಳ್ಳುತ್ತದೆ. ಆ ಒತ್ತಡ ಹೋಸಿನ ಮೂಲಕ ಚಕ್ರದ ಬಳಿಯ ಕ್ಯಾಲಿಪರ್‌ಗೆ ಬಂದು ದೊಡ್ಡ ಪಿಸ್ಟನ್‌ಗಳನ್ನು ತಳ್ಳುತ್ತದೆ. ಅವು ಪ್ಯಾಡುಗಳನ್ನು ರೋಟರಿಗೆ ಒತ್ತಿ ಹಿಡಿಯುತ್ತವೆ. ಮೇಲಿನ ಪಿಸ್ಟನ್ ವ್ಯಾಸ 10 ಮಿ.ಮೀ., ಕೆಳಗಿನದು 22 ಮಿ.ಮೀ. ಇದ್ದರೆ ವಿಸ್ತೀರ್ಣದ ಲೆಕ್ಕದಲ್ಲಿ ಬಲ ಹೆಚ್ಚುಕಡಿಮೆ ಐದು ಪಟ್ಟಾಗುತ್ತದೆ. ಲಿವರ್‌ನ ಉದ್ದದಿಂದ ಸಿಗುವ ಲಾಭ ಇದಕ್ಕೆ ಮೇಲಿನದು. ಒಂದೇ ಬೆರಳಲ್ಲಿ ಚಕ್ರ ನಿಲ್ಲುವುದು ಹೀಗೆ. ಕೇಬಲ್ ಬ್ರೇಕಿನಲ್ಲಿ ಕೈ ಹಾಕಿದ ಬಲದಲ್ಲಿ ಒಂದು ಪಾಲು ತಂತಿಯ ಹಿಗ್ಗುವಿಕೆಗೆ, ಇನ್ನೊಂದು ಪಾಲು ಹೊರಕವಚದ ಉಜ್ಜಾಟಕ್ಕೆ ಹೋಗುತ್ತದೆ. ಮಳೆಗಾಲದ ಕೆಸರು ಕವಚದೊಳಗೆ ಇಳಿದ ಮೇಲಂತೂ ಕೈ ಸೋಲುತ್ತದೆ.

ಇನ್ನೊಂದು ಚಂದದ ಏರ್ಪಾಡು ಕ್ಯಾಲಿಪರ್‌ನೊಳಗೆ ಇದೆ. ಪಿಸ್ಟನ್ನಿನ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತದೆ. ಬ್ರೇಕ್ ಹಿಡಿದಾಗ ಪಿಸ್ಟನ್ ಜೊತೆ ಸೀಲೂ ಸ್ವಲ್ಪ ವಾಲುತ್ತದೆ. ಬಿಟ್ಟಾಗ ಸೀಲು ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪ್ಯಾಡು ರೋಟರ್‌ನಿಂದ ಬಿಟ್ಟುಕೊಳ್ಳುವುದು ಇಷ್ಟರಿಂದಲೇ. ಪ್ಯಾಡು ಸವೆದರೆ ಪಿಸ್ಟನ್ ಸೀಲನ್ನು ದಾಟಿ ಒಂದು ಹೆಜ್ಜೆ ಮುಂದೆ ಜಾರಿ ಅಲ್ಲಿಂದ ಕೆಲಸ ಮುಂದುವರಿಸುತ್ತದೆ. ಹೀಗಾಗಿ ಕೇಬಲ್ ಬ್ರೇಕಿನ ಹಾಗೆ ತಿಂಗಳಿಗೊಮ್ಮೆ ನಟ್ಟು ತಿರುಗಿಸಿ ಬಿಗಿ ಮಾಡುವ ಕೆಲಸವಿಲ್ಲ. ಆದರೆ ಇದರಲ್ಲೇ ಒಂದು ಅಪಾಯವೂ ಇದೆ. ಪ್ಯಾಡು ಸವೆಯುತ್ತಿದೆ ಎಂದು ಲಿವರ್ ಹೇಳುವುದೇ ಇಲ್ಲ. ಕೊನೆಯ ಅರ್ಧ ಮಿಲಿಮೀಟರ್‌ವರೆಗೂ ಬ್ರೇಕು ಚೆನ್ನಾಗಿಯೇ ಹಿಡಿಯುತ್ತದೆ, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಕಣ್ಣಿಟ್ಟು ನೋಡದೆ ಬೇರೆ ದಾರಿಯಿಲ್ಲ.

ಆಯಿಲ್ಲಿನ ವಿಷಯಕ್ಕೆ ಬರೋಣ. ನಮ್ಮ ಊರುಗಳಲ್ಲಿ ಅತಿ ಹೆಚ್ಚು ಬ್ರೇಕುಗಳು ಕೆಡುವುದು ಇಲ್ಲಿಯೇ, ಅದಕ್ಕೇ ಸ್ವಲ್ಪ ಹೊತ್ತು ಇಲ್ಲಿ ನಿಲ್ಲುತ್ತೇನೆ.

ಸೈಕಲ್ ಬ್ರೇಕುಗಳಲ್ಲಿ ಎರಡು ಜಾತಿಯ ದ್ರವ ಬಳಕೆಯಲ್ಲಿದೆ. ಒಂದು ಮಿನರಲ್ ಆಯಿಲ್. ಜಪಾನಿನ ಶಿಮಾನೊ, ಜರ್ಮನಿಯ ಮಗುರಾ, ತೈವಾನಿನ ಟೆಕ್ಟ್ರೊ ಇದನ್ನು ಬಳಸುತ್ತವೆ. ಇನ್ನೊಂದು ಕಾರು, ಮೋಟರ್ ಬೈಕುಗಳಲ್ಲಿರುವ ಡಾಟ್ ದರ್ಜೆಯ ಬ್ರೇಕ್ ಫ್ಲೂಯಿಡ್. ಹೋಪ್, ಹೇಯ್ಸ್ ಮತ್ತು ಸ್ರ್ಯಾಮ್ ಕಂಪನಿಯ ಬಹುಪಾಲು ಬ್ರೇಕುಗಳಲ್ಲಿ ಇರುವುದು ಇದು. ಸ್ರ್ಯಾಮ್ 2022ರಲ್ಲಿ ಡಿಬಿ8, 2024ರಲ್ಲಿ ಮೇವನ್ ಎಂಬ ಬ್ರೇಕುಗಳನ್ನು ಮಿನರಲ್ ಆಯಿಲ್‌ಗೆಂದೇ ತಂದಿತು. ಆದ್ದರಿಂದ ಕಂಪನಿಯ ಹೆಸರು ನೋಡಿ ಆಯಿಲ್ ಊಹಿಸುವ ಹಾಗಿಲ್ಲ, ಮಾಡೆಲ್ ನೋಡಬೇಕು.

ಈ ಎರಡನ್ನು ಒಂದರ ಬದಲು ಒಂದು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ. ಒಂದು ಜಾತಿಯ ದ್ರವಕ್ಕೆ ತಕ್ಕ ರಬ್ಬರು ಇನ್ನೊಂದಕ್ಕೆ ತಡೆಯುವುದಿಲ್ಲ. ಊದಿದ ಸೀಲು ಪಿಸ್ಟನ್ನನ್ನು ಹಿಡಿದುಕೊಳ್ಳುತ್ತದೆ, ಲಿವರ್ ಒತ್ತಿದರೆ ವಾಪಸು ಬರುವುದಿಲ್ಲ, ಆಮೇಲೆ ಸೋರಲು ಶುರು. ಆ ಬ್ರೇಕನ್ನು ತೊಳೆದು ಸರಿಮಾಡುವುದು ಹೆಚ್ಚಿನ ಸಲ ಸಾಧ್ಯವಾಗುವುದಿಲ್ಲ, ಎಸೆಯಬೇಕು. ಇದು ಆಗುವುದು ಹೇಗೆಂದು ನೋಡಿ. ತಾಲ್ಲೂಕು ಊರಿನಲ್ಲಿ ಹುಡುಗನೊಬ್ಬನ ಸೈಕಲ್‌ನ ಬ್ರೇಕು ಮೆತ್ತಗಾಗುತ್ತದೆ. ಸೈಕಲ್ ಅಂಗಡಿಯವರಿಗೆ ಹೈಡ್ರಾಲಿಕ್ ಕೆಲಸ ಬರುವುದಿಲ್ಲ. ಅವನು ಮೋಟರ್ ಬೈಕ್ ಗ್ಯಾರೇಜಿಗೆ ಹೋಗುತ್ತಾನೆ. ಅಲ್ಲಿಯ ಮೆಕ್ಯಾನಿಕ್‌ಗೆ ಡಿಸ್ಕ್ ಬ್ರೇಕ್ ಏನೂ ಹೊಸದಲ್ಲ. ‘ಏರ್ ಹಿಡ್ಕೊಂಡಿದೆ ಕಣೋ, ಬ್ರೇಕ್ ಆಯಿಲ್ ಹಾಕಿದ್ರೆ ಸರಿ ಹೋಗುತ್ತೆ’ ಎಂದು ಕಪಾಟಿನಲ್ಲಿದ್ದ ಡಾಟ್ 4 ಬಾಟಲಿ ತೆಗೆದು ಮಿನರಲ್ ಆಯಿಲ್ ಬ್ರೇಕಿಗೆ ತುಂಬುತ್ತಾರೆ. ಅವರ ರೋಗನಿರ್ಣಯ ಸರಿಯಾಗಿಯೇ ಇದೆ, ಕೈಕೆಲಸವೂ ಸರಿ, ಔಷಧಿ ಮಾತ್ರ ಬೇರೆ. ಮೊದಲ ದಿನ ಲಿವರ್ ಗಟ್ಟಿಯಾಗಿ ಎಲ್ಲರಿಗೂ ಸಮಾಧಾನವಾಗುತ್ತದೆ. ಸೀಲು ಕೆಡುವುದು ಆಮೇಲೆ. ಹೈಡ್ರಾಲಿಕ್ ಸೈಕಲ್ ಮಾರುವ ಪ್ರತಿ ಅಂಗಡಿಯೂ ಹ್ಯಾಂಡಲಿಗೆ ಒಂದು ಚೀಟಿ ಕಟ್ಟಿ ಅದರಲ್ಲಿ ಆಯಿಲ್ಲಿನ ಹೆಸರನ್ನು ಕನ್ನಡದಲ್ಲಿ ಬರೆದು ಕೊಡಬೇಕು ಎಂದು ನನ್ನ ಆಗ್ರಹ. ಅಂಗಡಿಯವರು ಬರೆಯದಿದ್ದರೆ ನೀವೇ ಪೇಂಟಿನಲ್ಲಿ ಲಿವರ್ ಪಕ್ಕದಲ್ಲಿ ಬರೆದುಕೊಳ್ಳಿ.

ಯಾವ ಜಾತಿ ಒಳ್ಳೆಯದು ಎಂಬ ವಾದ ಸವಾರರ ನಡುವೆ ಮುಗಿಯುವುದೇ ಇಲ್ಲ. ಡಾಟ್ ದ್ರವಕ್ಕೆ ನಿಗದಿತ ಮಾನದಂಡವಿದೆ. ಡಾಟ್ 4 ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 5.1 ಆದರೆ 260. ಆದರೆ ಇದು ಗಾಳಿಯ ತೇವ ಹೀರಿಕೊಳ್ಳುತ್ತದೆ. ನೀರು ಸೇರಿದ ಮೇಲೆ ಈ ಮಿತಿ 155 ಮತ್ತು 180 ಡಿಗ್ರಿಗೆ ಇಳಿಯುತ್ತದೆ. ಆಗುಂಬೆ, ಸಕಲೇಶಪುರ, ಮಡಿಕೇರಿಯ ಮಳೆಗಾಲದ ಗಾಳಿಯಲ್ಲಿ ಇದು ಸಣ್ಣ ವಿಷಯವಲ್ಲ. ಬಾಟಲಿ ಒಡೆದ ಮೇಲೆ ಉಳಿದ ದ್ರವವನ್ನು ಮುಂದಿನ ವರ್ಷಕ್ಕೆಂದು ಇಡುವುದೂ ಸಲ್ಲ. ಜೊತೆಗೆ ಇದು ಬಿದ್ದಲ್ಲಿ ಪೇಂಟ್ ಕೀಳುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಮಿನರಲ್ ಆಯಿಲ್ ನೀರು ಹೀರುವುದಿಲ್ಲ, ಪೇಂಟಿಗೆ ಏನೂ ಮಾಡುವುದಿಲ್ಲ, ಬಾಟಲಿ ಬಹುಕಾಲ ಇಟ್ಟುಕೊಳ್ಳಬಹುದು. ಆದರೆ ಹೇಗೋ ನೀರು ಒಳಗೆ ಹೋದರೆ ಅದು ಆಯಿಲ್‌ನಲ್ಲಿ ಬೆರೆಯದೆ ತಳಕ್ಕೆ, ಎಂದರೆ ಅತಿ ಹೆಚ್ಚು ಕಾಯುವ ಕ್ಯಾಲಿಪರ್‌ಗೇ ಇಳಿದು ಕೂರುತ್ತದೆ. ಅಲ್ಲಿ ಅದು ನೂರು ಡಿಗ್ರಿಗೇ ಆವಿಯಾಗುತ್ತದೆ. ನನ್ನನ್ನು ಕೇಳಿದರೆ, ಮನೆಯಲ್ಲಿ ತಾವೇ ಕೆಲಸ ಮಾಡಿಕೊಳ್ಳುವವರಿಗೆ, ಮಲೆನಾಡಿನಲ್ಲಿ ಇರುವವರಿಗೆ ಮಿನರಲ್ ಆಯಿಲ್ ವಾಸಿ. ಒಂದು ಎಚ್ಚರ: ಡಾಟ್ ಹಾಗೆ ಮಿನರಲ್ ಆಯಿಲ್‌ಗೆ ಎಲ್ಲರೂ ಒಪ್ಪಿದ ಒಂದೇ ಮಾನದಂಡವಿಲ್ಲ. ಶಿಮಾನೊದ್ದು ಕೆಂಪು ಛಾಯೆಯದು, ಮಗುರಾದ್ದು ನೀಲಿ. ಯಾವ ಕಂಪನಿಯ ಬ್ರೇಕೋ ಆ ಕಂಪನಿಯ ಆಯಿಲ್ಲನ್ನೇ ಹಾಕಿ. ಡಾಟ್ 5 ಎಂಬ ಇನ್ನೊಂದು ಬಾಟಲಿಯೂ ಪೇಟೆಯಲ್ಲಿದೆ, ಅದು ಸಿಲಿಕೋನ್. 5.1ರ ಅಣ್ಣತಮ್ಮನಂತೆ ಹೆಸರಿದ್ದರೂ ಅದನ್ನು ಈ ಬ್ರೇಕುಗಳಿಗೆ ಹಾಕುವಂತಿಲ್ಲ.

ಕಾದ ಬ್ರೇಕು ಸೋಲುವುದು ಎರಡು ಬಗೆಯಲ್ಲಿ. ಲಿವರ್ ಗಟ್ಟಿಯಾಗಿಯೇ ಇದ್ದು, ಎಷ್ಟು ಒತ್ತಿದರೂ ಸೈಕಲ್ ನಿಲ್ಲದಿದ್ದರೆ ಪ್ಯಾಡು ಮಿತಿ ಮೀರಿ ಕಾದಿದೆ. ಲಿವರ್ ಮೆತ್ತಗಾಗಿ ಹ್ಯಾಂಡಲ್‌ಗೆ ತಾಗುವವರೆಗೆ ಬಂದರೆ ಒಳಗಿನ ದ್ರವ ಕುದಿದು ಗುಳ್ಳೆ ಎದ್ದಿದೆ. ದ್ರವ ಕುಗ್ಗುವುದಿಲ್ಲ, ಗಾಳಿ ಮತ್ತು ಆವಿ ಕುಗ್ಗುತ್ತವೆ, ಹಾಗಾಗಿ ನೀವು ಒತ್ತಿದ್ದೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಕಳೆದುಹೋಗುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಸಿಕ್ಕಿದ ಮೊದಲ ಸಮತಟ್ಟಿನಲ್ಲಿ ನಿಲ್ಲಿಸಿ ತಣಿಯಲು ಬಿಡಿ. ನೀರು ಸುರಿದು ತಣಿಸಬೇಡಿ, ಕಾದ ರೋಟರ್ ಸೊಟ್ಟಗಾಗಬಹುದು. ಕೈಯಿಂದ ಮುಟ್ಟಿ ನೋಡಲೂ ಬೇಡಿ, ಬೆರಳಿನ ಚರ್ಮ ಅಂಟಿಕೊಳ್ಳುವಷ್ಟು ಕಾದಿರುತ್ತದೆ. ರೋಟರ್ ನೀಲಿ ಬಣ್ಣಕ್ಕೆ ತಿರುಗಿದ್ದರೆ, ಪ್ಯಾಡಿನ ಮುಖ ಗಾಜಿನ ಹಾಗೆ ಹೊಳೆಯುತ್ತಿದ್ದರೆ ನಿಮಗೆ ಇನ್ನೂ ದೊಡ್ಡ ರೋಟರ್ ಬೇಕು, ಇಲ್ಲವೇ ಬ್ರೇಕ್ ಹಿಡಿಯುವ ಅಭ್ಯಾಸ ಬದಲಾಗಬೇಕು.

ಹೆಚ್ಚಿನವರು ಇಳಿಜಾರಿನ ಉದ್ದಕ್ಕೂ ಬ್ರೇಕನ್ನು ಸಣ್ಣಗೆ ಹಿಡಿದುಕೊಂಡೇ ಇಳಿಯುತ್ತಾರೆ. ಅದು ಸುರಕ್ಷಿತ ಎನಿಸುತ್ತದೆ. ಆದರೆ ಹಾಗೆ ಹಿಡಿದಾಗ ರೋಟರ್‌ಗೆ ತಣಿಯುವ ಹೊತ್ತೇ ಸಿಗುವುದಿಲ್ಲ. ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಬೇಕು. ಬಿಟ್ಟ ಆ ಕೆಲವು ಸೆಕೆಂಡುಗಳಲ್ಲಿ ಗಾಳಿ ತನ್ನ ಕೆಲಸ ಮಾಡುತ್ತದೆ. ಇನ್ನು ಮುಂದಿನ ಬ್ರೇಕ್ ಹಿಡಿದರೆ ತಲೆಕೆಳಗಾಗಿ ಬೀಳುತ್ತೇವೆ ಎಂಬ ಭಯ ನಮ್ಮಲ್ಲಿ ಚಿಕ್ಕಂದಿನಿಂದ ಬೇರೂರಿದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಅದೇ. ಸೀಟಿನಿಂದ ಎದ್ದು, ಸೊಂಟ ಹಿಂದಕ್ಕೆ ತಂದು, ಮುಂದಿನದನ್ನು ಹದವಾಗಿ ಹಿಡಿಯುವುದನ್ನು ಬಯಲಿನಲ್ಲಿ ಕಲಿತುಕೊಳ್ಳಬೇಕು. ಯಾವ ಕೈ ಯಾವ ಚಕ್ರ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಮೋಟರ್ ಬೈಕಿನಲ್ಲಿ ಬಲಗೈಯದು ಮುಂದಿನ ಬ್ರೇಕು. ಅಮೆರಿಕದಲ್ಲಿ ಮಾರುವ ಸೈಕಲ್‌ನಲ್ಲಿ ಎಡಗೈಯದು ಮುಂದಿನದು. ಅಲ್ಲಿಂದ ವಾಪಸು ಬರುವಾಗ ಸೈಕಲ್ ಹೊತ್ತು ತಂದವರು ಅದನ್ನು ತಮ್ಮನಿಗೋ ಮಗನಿಗೋ ಕೊಡುವ ಮುನ್ನ ಹೋಸುಗಳನ್ನು ಅದಲುಬದಲು ಮಾಡಿಸುವುದು ಒಳ್ಳೆಯದು.

ಕೊಳ್ಳುವ ಮಾತು. ಕಡಿಮೆ ದರದ ಸೈಕಲ್‌ಗಳ ಮೇಲೆ ‘ಡ್ಯುಯಲ್ ಡಿಸ್ಕ್’ ಎಂಬ ಸ್ಟಿಕ್ಕರ್ ದೊಡ್ಡದಾಗಿ ಹೊಳೆಯುತ್ತದೆ. ಅದು ಸಾಮಾನ್ಯವಾಗಿ ಕೇಬಲ್ ಎಳೆಯುವ ಡಿಸ್ಕು, ಒಂದೇ ಕಡೆಯ ಪ್ಯಾಡು ಚಲಿಸಿ ರೋಟರನ್ನು ಇನ್ನೊಂದು ಪ್ಯಾಡಿನ ಕಡೆಗೆ ಬಗ್ಗಿಸುವ ಬಗೆಯದು. ಇಂಥ ಡಿಸ್ಕಿಗಿಂತ, ರಿಮ್ ಹಿಡಿಯುವ, ಚೆನ್ನಾಗಿ ಹೊಂದಿಸಿದ ವಿ-ಬ್ರೇಕ್ ಎಷ್ಟೋ ಮೇಲು. ಊರೊಳಗಿನ ಓಡಾಟಕ್ಕಾದರೆ ಅದು ಸಾಕು, ಹೈಡ್ರಾಲಿಕ್‌ಗೆಂದು ಹಣ ಹಾಕುವ ಅಗತ್ಯವಿಲ್ಲ. ಘಾಟಿ, ಕಾಫಿ ತೋಟದ ಮಣ್ಣು ದಾರಿ, ಮಳೆ ಇವುಗಳಲ್ಲಿ ಯಾವುದಾದರೂ ಎರಡು ನಿಮ್ಮ ಬದುಕಿನಲ್ಲಿದ್ದರೆ ಹೈಡ್ರಾಲಿಕ್ ತೆಗೆದುಕೊಳ್ಳಿ.

ರೋಟರ್ ಅಳತೆ ಮೊದಲು ನೋಡಿ. 160, 180, 203 ಮಿ.ಮೀ. ಸಾಮಾನ್ಯ ಅಳತೆಗಳು, ಸ್ರ್ಯಾಮ್‌ನಲ್ಲಿ 203ರ ಬದಲು 200. 160ರಿಂದ 180ಕ್ಕೆ ಏರಿದರೆ ಅದೇ ಲಿವರ್, ಅದೇ ಬೆರಳು, ತಡೆಯುವ ಶಕ್ತಿ ಎಂಟರಲ್ಲಿ ಒಂದು ಪಾಲು ಹೆಚ್ಚು, ಶಾಖ ಹೊರಲು ಹೆಚ್ಚು ಉಕ್ಕು. ಖರ್ಚೂ ಕಡಿಮೆ: ಒಂದು ರೋಟರ್, ಕ್ಯಾಲಿಪರನ್ನು ಸರಿಯಾದ ಎತ್ತರಕ್ಕೆ ಕೂರಿಸುವ ಒಂದು ಅಡಾಪ್ಟರ್. ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್‌ಗೆ ಹಣ ಹಾಕುವ ಮುಂಚೆ ಇದನ್ನು ಮಾಡಿ ಎನ್ನುತ್ತೇನೆ. ನಿಮ್ಮ ಫೋರ್ಕು, ಫ್ರೇಮು ಎಷ್ಟು ದೊಡ್ಡ ರೋಟರ್ ತಡೆಯುತ್ತದೆ ಎಂದು ಕಂಪನಿ ಹೇಳಿರುತ್ತದೆ, ಅದನ್ನು ಮೀರಬಾರದು. ಮುಂದೆ 180, ಹಿಂದೆ 160 ನಮ್ಮ ಹೆಚ್ಚಿನ ಸವಾರರಿಗೆ ಸಾಕಾಗುವ ಜೋಡಿ. ತೊಂಬತ್ತು ಕಿಲೋ ದಾಟಿದವರಿಗೆ, ಬ್ಯಾಟರಿ ಸೈಕಲ್‌ನವರಿಗೆ, ಘಾಟಿಯನ್ನೇ ಹುಡುಕಿಕೊಂಡು ಹೋಗುವವರಿಗೆ 203 ಮತ್ತು ನಾಲ್ಕು ಪಿಸ್ಟನ್ನು.

ಪ್ಯಾಡಿನಲ್ಲಿ ರೆಸಿನ್ ಮತ್ತು ಮೆಟಲ್ ಎಂದು ಎರಡು. ರೆಸಿನ್ ಪ್ಯಾಡು ಮೃದು, ಸದ್ದಿಲ್ಲ, ತಣ್ಣಗಿದ್ದಾಗಲೇ ಚೆನ್ನಾಗಿ ಕಚ್ಚುತ್ತದೆ. ಮೆಟಲ್ ಪ್ಯಾಡು ಕಾದರೂ ಕೆಸರಿನಲ್ಲೂ ಬಾಳುತ್ತದೆ, ಒದ್ದೆಯಾದಾಗ ಕಿರುಚುತ್ತದೆ. ಜಂಬಿಟ್ಟಿಗೆಯ ಮಣ್ಣು ಕಲಸಿದ ಕೆಸರಿನಲ್ಲಿ ರೆಸಿನ್ ಪ್ಯಾಡು ಒಂದೇ ದೀರ್ಘ ಸವಾರಿಯಲ್ಲಿ ಪೂರ್ತಿ ಸವೆದುಹೋಗುವುದುಂಟು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಓಡಿಸುವವರು ಮೆಟಲ್ ಹಾಕಿಕೊಳ್ಳಬೇಕು. ಹಾಕುವ ಮುನ್ನ ರೋಟರ್ ಮೇಲೆ ಕೊರೆದಿರುವ ಸಣ್ಣ ಅಕ್ಷರಗಳನ್ನು ಓದಿ. ‘ರೆಸಿನ್ ಪ್ಯಾಡ್ ಓನ್ಲಿ’ ಎಂದಿದ್ದರೆ ಆ ಉಕ್ಕು ಮೆದು, ಮೆಟಲ್ ಪ್ಯಾಡು ಅದನ್ನು ತಿಂದು ಹಾಕುತ್ತದೆ. ಪ್ಯಾಡಿನ ಜೊತೆ ರೋಟರೂ ಬದಲಾಗಬೇಕು.

ಕೊನೆಗೆ, ಅಂಗಡಿಯವರನ್ನು ಕೇಳಬೇಕಾದದ್ದು: ಈ ಬ್ರೇಕಿನ ಪ್ಯಾಡು ಈಗ, ಇಲ್ಲಿ, ನಿಮ್ಮ ಬಳಿ ಇದೆಯೇ? ಪ್ರತಿ ಕ್ಯಾಲಿಪರ್‌ಗೂ ಅದರದೇ ಆಕಾರದ ಪ್ಯಾಡು. ಶಿಮಾನೊದ ಕಡಿಮೆ ದರದ ಎಂಟಿ200 ಬ್ರೇಕು ನೋಡಲು ಸಾದಾ, ಆದರೆ ಅದಕ್ಕೆ ಹೊಂದುವ ಬಿ05ಎಸ್ ಪ್ಯಾಡು ಸುಲಭವಾಗಿ ಸಿಗುವಂಥದ್ದು. ಹೆಸರು ಕೇಳದ ಬ್ರಾಂಡಿನ ನಾಲ್ಕು ಪಿಸ್ಟನ್ ಬ್ರೇಕು ಅದೇ ದರಕ್ಕೆ ಸಿಕ್ಕಿದರೂ ಪ್ಯಾಡಿಗಾಗಿ ತಿಂಗಳು ಕಾಯಬೇಕಾದರೆ ಆ ತಿಂಗಳೆಲ್ಲ ಸೈಕಲ್ ಗೋಡೆಗೆ ಒರಗಿರುತ್ತದೆ.

ನೋಡಿಕೊಳ್ಳುವುದರಲ್ಲಿ ಬಹುಪಾಲು ಕೆಲಸ ಎಂದರೆ ಎಣ್ಣೆ ತಾಗಿಸದಿರುವುದು. ಪ್ಯಾಡಿಗೆ ಎಣ್ಣೆ ಪಸೆ ತಾಗಿದರೆ ಅದು ಒಳಗೆ ಇಳಿದುಬಿಡುತ್ತದೆ. ಆಮೇಲೆ ಬ್ರೇಕು ಕೂಗುತ್ತದೆ, ಹಿಡಿಯುವುದಿಲ್ಲ. ಚೈನಿಗೆ ಸ್ಪ್ರೇ ಹೊಡೆದಾಗ ಹಿಂದಿನ ರೋಟರ್‌ಗೆ ಬೀಳುವ ಹನಿ, ಊಟ ಮಾಡಿದ ಬೆರಳಿನ ಜಿಡ್ಡು, ಕೀರಲು ಸದ್ದು ನಿಲ್ಲಲೆಂದು ತಿಳಿಯದೆ ರೋಟರ್‌ಗೇ ಬಿಟ್ಟ ಎಣ್ಣೆ, ಎಲ್ಲದರ ಫಲ ಒಂದೇ. ಎಲ್ಲಕ್ಕಿಂತ ಕೆಟ್ಟದ್ದು ವಾಟರ್ ಸರ್ವೀಸ್. ಮೋಟರ್ ಬೈಕಿನ ಹಾಗೆಯೇ ಸೈಕಲ್‌ಗೂ ಡೀಸೆಲ್ ಸಿಂಪಡಿಸಿ ಪಾಲಿಶ್ ಹೊಡೆದುಕೊಟ್ಟರೆ ಸೈಕಲ್ ಮಿರಿಮಿರಿ ಮಿಂಚುತ್ತದೆ, ಬ್ರೇಕು ಅಲ್ಲಿಗೆ ಮುಗಿಯಿತು. ಮನೆಯಲ್ಲೇ ಬಕೆಟ್ ನೀರು, ಸ್ವಲ್ಪ ಸೋಪು, ಬ್ರಷ್ ಸಾಕು. ಚೈನಿಗೆ ಹನಿ ಹನಿಯಾಗಿ ಬಿಡುವ ಆಯಿಲ್ ಬಳಸಿ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಶುದ್ಧ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಕುಡಿದ ಪ್ಯಾಡನ್ನು ಒಲೆಯಲ್ಲಿ ಸುಟ್ಟು ಬಳಸುವವರಿದ್ದಾರೆ. ಮೇಲೆ ಕಪ್ಪಾಗುತ್ತದೆಯೇ ಹೊರತು ಒಳಗಿನ ಎಣ್ಣೆ ಪೂರ್ತಿ ಹೋಗುವುದಿಲ್ಲ, ಕಾದಾಗ ಮತ್ತೆ ಮೇಲೆ ಬರುತ್ತದೆ. ಹೊಸ ಜೊತೆ ಹಾಕುವುದೇ ಸರಿ.

ಪ್ಯಾಡು ನೋಡಲು ಚಕ್ರ ಬಿಚ್ಚಿ ಕ್ಯಾಲಿಪರ್‌ನ ಸೀಳಿಗೆ ಟಾರ್ಚ್ ಹಿಡಿಯಿರಿ. ಎರಡು ಲೋಹದ ತಗಡು, ಅವುಗಳ ಒಳಮೈಗೆ ಅಂಟಿದ ಬೂದು ಪದಾರ್ಥ ಕಾಣುತ್ತದೆ. ಆ ಪದಾರ್ಥ ಅರ್ಧ ಮಿ.ಮೀ.ಗೆ ಇಳಿದಿದ್ದರೆ ಬದಲಿಸಬೇಕೆಂದು ಶಿಮಾನೊ ಹೇಳುತ್ತದೆ. ಘಾಟಿಗೆ ಹೊರಡುವವರು ಒಂದು ಮಿ.ಮೀ.ಗೇ ಬದಲಿಸಲಿ ಎಂದು ನಾನು ಹೇಳುತ್ತೇನೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಸವೆದಿದ್ದರೆ ಒಂದು ಪಿಸ್ಟನ್ ಅಂಟಿಕೊಂಡಿದೆ. ಪ್ಯಾಡು ತೆಗೆದು, ಲಿವರ್ ಸ್ವಲ್ಪವೇ ಒತ್ತಿ ಪಿಸ್ಟನ್ ಎರಡು ಮಿ.ಮೀ. ಹೊರಬರುವಂತೆ ಮಾಡಿ, ಹತ್ತಿ ಸುತ್ತಿದ ಕಡ್ಡಿಗೆ ಅದೇ ಬ್ರೇಕಿನ ಆಯಿಲ್ ಹಚ್ಚಿ ಸುತ್ತ ಒರೆಸಿ, ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ ಒಳಕ್ಕೆ ತಳ್ಳಿ. ಸ್ಕ್ರೂಡ್ರೈವರ್ ಬೇಡ, ಸೆರಾಮಿಕ್ ಪಿಸ್ಟನ್ ಒಂದು ಒತ್ತಿಗೆ ಚಕ್ಕೆ ಏಳುತ್ತದೆ. ರೋಟರ್ ದಪ್ಪವನ್ನು ವರ್ಷಕ್ಕೊಮ್ಮೆ ವರ್ನಿಯರ್‌ನಲ್ಲಿ ಅಳೆಯಿರಿ. ಶಿಮಾನೊದ 1.8 ಮಿ.ಮೀ. ರೋಟರ್ 1.5ಕ್ಕೆ ಬಂದರೆ ಅದರ ಆಯುಸ್ಸು ಮುಗಿಯಿತು, ಆ ಅಂಕಿ ರೋಟರ್ ಮೇಲೆಯೇ ಇರುತ್ತದೆ.

ಇಂಥ ಕೆಲಸದ ಹೊತ್ತು ಬಿಟ್ಟರೆ ಚಕ್ರ ಇಲ್ಲದಾಗ ಲಿವರ್ ಒತ್ತಬೇಡಿ. ಕಾರಿನ ಡಿಕ್ಕಿಯಲ್ಲೋ ಬಸ್ಸಿನ ಮೇಲೋ ಸೈಕಲ್ ಸಾಗಿಸುವಾಗ ಚಕ್ರ ಬಿಚ್ಚಿದ್ದರೆ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ಬಿಲ್ಲೆ, ಅದಿಲ್ಲದಿದ್ದರೆ ನಾಲ್ಕು ಮಡಿಕೆ ರಟ್ಟು ತುರುಕಿ. ಇಲ್ಲವಾದರೆ ಲಿವರ್‌ಗೆ ಯಾವುದೋ ಚೀಲ ಒತ್ತಿ ಪಿಸ್ಟನ್ನುಗಳು ಮುಂದೆ ಬಂದು ಕೂರುತ್ತವೆ. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಪಂಚರ್ ಹಾಕಿದ ಮೇಲೆ ಲಿವರ್ ಮೆತ್ತಗೆನಿಸಿದರೆ ಹೆದರಬೇಕಿಲ್ಲ. ಲಿವರ್ ಬಳಿಯ ಆಯಿಲ್ ಡಬ್ಬಿಯಲ್ಲಿದ್ದ ಗಾಳಿ ಹೋಸಿನೊಳಗೆ ಸೇರಿರುತ್ತದೆ. ನೇರ ನಿಲ್ಲಿಸಿ ಹತ್ತಿಪ್ಪತ್ತು ಸಲ ಲಿವರ್ ಒತ್ತಿ ಬಿಟ್ಟರೆ ಹೆಚ್ಚಾಗಿ ಅದು ಮೇಲೇರಿ ಹೋಗುತ್ತದೆ. ಹೋಗದಿದ್ದರೆ, ಅಥವಾ ಪ್ರತಿ ಸಲವೂ ಹೀಗಾಗುತ್ತಿದ್ದರೆ, ಏರ್ ತೆಗೆಯುವ ಕಾಲ ಬಂದಿದೆ ಎಂದರ್ಥ.

ಈ ಏರ್ ತೆಗೆಯುವ ಕೆಲಸ ನೋಡಲು ಗಂಭೀರ, ಮಾಡಲು ಅಷ್ಟಿಲ್ಲ. ಶಿಮಾನೊ ಬ್ರೇಕಿನದನ್ನೇ ಹೇಳುತ್ತೇನೆ. ಸೈಕಲ್ ಸ್ಟ್ಯಾಂಡಿಗೆ ಹಾಕಿ, ಚಕ್ರ, ಪ್ಯಾಡು ಎರಡನ್ನೂ ತೆಗೆದು ದೂರ ಇಡಿ. ಪಿಸ್ಟನ್ನುಗಳನ್ನು ಪೂರ್ತಿ ಒಳಕ್ಕೆ ತಳ್ಳಿ, ನಡುವೆ ಬ್ಲೀಡ್ ಬ್ಲಾಕ್ ಎಂಬ ಹಳದಿ ಪ್ಲಾಸ್ಟಿಕ್ ತುಂಡು ಕೂರಿಸಿ. ಲಿವರ್ ನೆಲಕ್ಕೆ ಸಮವಾಗಿರಲಿ. ಅದರ ಮೇಲಿನ ಪುಟ್ಟ ಸ್ಕ್ರೂ ಬಿಚ್ಚಿ, ಆ ಜಾಗಕ್ಕೆ ಬಟ್ಟಲಿನಂಥ ಫನಲ್ ತಿರುಗಿಸಿ ಸ್ವಲ್ಪ ಆಯಿಲ್ ಹಾಕಿ. ಕೆಳಗೆ ಕ್ಯಾಲಿಪರ್‌ನ ನಿಪ್ಪಲ್‌ಗೆ ಹೊಸ ಆಯಿಲ್ ತುಂಬಿದ ಸಿರಿಂಜಿನ ಪೈಪ್ ಸಿಕ್ಕಿಸಿ, ಸ್ಪ್ಯಾನರ್‌ನಲ್ಲಿ ನಿಪ್ಪಲ್ ಸಡಿಲಿಸಿ, ಸಿರಿಂಜನ್ನು ಮೆಲ್ಲಗೆ ಒತ್ತಿ. ಕೆಳಗಿನಿಂದ ಕೆಂಪು ಆಯಿಲ್ ಏರುತ್ತದೆ. ಮೇಲಿನ ಬಟ್ಟಲಿಗೆ ಮೊದಲು ಬರುವುದು ಹಳೆಯದು, ಬೂದಿ ಕಲಸಿದ ಹಾಗೆ ಮಂಕು, ಅದರ ಜೊತೆ ಸಾಸಿವೆ ಕಾಳಿನಷ್ಟು, ಒಮ್ಮೊಮ್ಮೆ ಬಟಾಣಿಯಷ್ಟು ಗುಳ್ಳೆಗಳು. ಹೋಸಿನ ಉದ್ದಕ್ಕೂ, ಕ್ಯಾಲಿಪರ್ ಮೇಲೂ ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟುತ್ತ ಬನ್ನಿ. ಗೋಡೆಗೆ ಅಂಟಿಕೊಂಡು ಕೂತ ಗುಳ್ಳೆ ಒಂದೊಂದಾಗಿ ಬಿಟ್ಟು ಮೇಲೇಳುತ್ತದೆ. ಬರುವ ಆಯಿಲ್ ತಿಳಿಯಾದ ಮೇಲೆ ನಿಪ್ಪಲ್ ಮುಚ್ಚಿ. ಈಗ ಲಿವರನ್ನು ಸ್ವಲ್ಪ ಮೇಲಕ್ಕೆ ವಾಲಿಸಿ ಪಟಪಟ ಒತ್ತಿ, ಸ್ವಲ್ಪ ಕೆಳಕ್ಕೆ ವಾಲಿಸಿ ಒತ್ತಿ. ಇನ್ನೇನೂ ಉಳಿದಿಲ್ಲ ಎಂದುಕೊಂಡ ಮೇಲೂ ಎರಡು ಗುಳ್ಳೆ ಬರುತ್ತವೆ. ಬೆರಳಿಗೆ ಲಿವರ್ ಒಂದು ಜಾಗದಲ್ಲಿ ಗಟ್ಟಿಯಾಗಿ ನಿಲ್ಲುವವರೆಗೂ ಇದನ್ನು ಬಿಡಬಾರದು. ಅಲ್ಲಿಗೆ ಫನಲ್ ತೆಗೆದು ಸ್ಕ್ರೂ ಹಾಕಿ, ಚೆಲ್ಲಿದ ಆಯಿಲನ್ನೆಲ್ಲ ಆಲ್ಕೋಹಾಲಿನಲ್ಲಿ ಒರೆಸಿ, ಕೈ ಸೋಪು ಹಾಕಿ ತೊಳೆದು, ಆಮೇಲಷ್ಟೇ ಪ್ಯಾಡು ಮುಟ್ಟಿ. ಸವೆದ ಪ್ಯಾಡು ಇರುವಾಗಲೇ ಮೇಲಿನಿಂದ ಆಯಿಲ್ ತುಂಬಿಸಿಬಿಡುವ ಚಾಳಿ ಕೆಲವರಿಗಿದೆ. ಹೊಸ ಪ್ಯಾಡಿಗಾಗಿ ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಹೆಚ್ಚುವರಿ ಆಯಿಲ್‌ಗೆ ಜಾಗವಿರುವುದಿಲ್ಲ. ಡಾಟ್ ಬ್ರೇಕಿಗೆ ವರ್ಷಕ್ಕೊಮ್ಮೆ, ಅದೂ ಮಳೆಗಾಲ ಮುಗಿದ ಮೇಲೆ ಇದನ್ನು ಮಾಡಿಸಿ. ಮಿನರಲ್ ಆಯಿಲ್‌ನದು ಎರಡು ವರ್ಷ ಬಂದರೂ ಬರಬಹುದು, ಬಣ್ಣ ಮಂಕಾದರೆ ಮಾತ್ರ ಕಾಯಬೇಡಿ.

ಚಕ್ರ ತಿರುಗುವಾಗ ಸುಂಯ್ ಸುಂಯ್ ಉಜ್ಜುವ ಸದ್ದಿಗೆ ಹೆಚ್ಚಾಗಿ ಕಾರಣ ಕ್ಯಾಲಿಪರ್ ಓರೆಯಾಗಿರುವುದು. ಅದರ ಎರಡು ಬೋಲ್ಟುಗಳನ್ನು 5 ಮಿ.ಮೀ. ಆಲನ್ ಕೀಯಲ್ಲಿ ಸಡಿಲಿಸಿ, ಲಿವರ್ ಗಟ್ಟಿಯಾಗಿ ಒತ್ತಿ ಹಿಡಿದೇ ಒಂದನ್ನು ಸ್ವಲ್ಪ, ಇನ್ನೊಂದನ್ನು ಸ್ವಲ್ಪ ಬಿಗಿಸುತ್ತ ಬನ್ನಿ. ಶಿಮಾನೊ ಹೇಳುವ ಬಿಗಿತ 6ರಿಂದ 8 ನ್ಯೂಟನ್ ಮೀಟರ್. ತಿರುಗುವಾಗ ಒಂದೇ ಜಾಗದಲ್ಲಿ ಮಾತ್ರ ತಾಗಿದರೆ ರೋಟರ್ ಸೊಟ್ಟಗಿದೆ. ಶುದ್ಧ ಬಟ್ಟೆ ಸುತ್ತಿದ ಕೈಯಿಂದ ಸ್ವಲ್ಪ ಸ್ವಲ್ಪವೇ ಬಗ್ಗಿಸಿದರೆ ಸರಿಹೋಗುತ್ತದೆ.

ಹೊಸ ಪ್ಯಾಡು ಅಥವಾ ಹೊಸ ರೋಟರ್ ಹಾಕಿದ ದಿನ ಘಾಟಿಗೆ ಹೋಗಬೇಡಿ. ಪ್ಯಾಡಿನ ಪದಾರ್ಥ ತೆಳುವಾಗಿ ರೋಟರ್ ಮೇಲೆ ಸಮನಾಗಿ ಕೂತ ಮೇಲೆಯೇ ಬ್ರೇಕಿಗೆ ಪೂರ್ತಿ ಶಕ್ತಿ ಬರುವುದು. ಹೊಸ ಸೈಕಲ್ ಕೊಂಡು ‘ಹೈಡ್ರಾಲಿಕ್ ಅಂದ್ರು, ಹಿಡಿಯೋದೇ ಇಲ್ಲ’ ಎಂದು ಬೇಸರಪಟ್ಟುಕೊಳ್ಳುವವರಲ್ಲಿ ಬಹಳ ಮಂದಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಬೆಳಗ್ಗೆ ಖಾಲಿ ಇರುವ ಒಂದು ಸಮತಟ್ಟು ರಸ್ತೆಗೋ ಮೈದಾನಕ್ಕೋ ಹೋಗಿ. ಮಧ್ಯಮ ವೇಗಕ್ಕೆ ಬಂದು, ನಡೆಯುವ ವೇಗಕ್ಕೆ ಇಳಿಯುವವರೆಗೆ ಗಟ್ಟಿಯಾಗಿ ಬ್ರೇಕ್ ಹಿಡಿದು ಬಿಡಿ. ಪೂರ್ತಿ ನಿಲ್ಲಿಸಬಾರದು, ಚಕ್ರ ಕಚ್ಚಿಕೊಂಡು ಜಾರಲೂಬಾರದು. ನಿಂತರೆ ಕಾದ ಪ್ಯಾಡು ರೋಟರ್‌ನ ಒಂದೇ ಜಾಗದಲ್ಲಿ ಅಚ್ಚೊತ್ತುತ್ತದೆ, ಆಮೇಲೆ ಬ್ರೇಕು ಅದುರುತ್ತಲೇ ಇರುತ್ತದೆ. ಇದನ್ನು ಸುಮಾರು 20 ಸಲ, ಬಳಿಕ ಇನ್ನೂ ವೇಗದಿಂದ ಸುಮಾರು 10 ಸಲ ಮಾಡಿ ಎಂದು ಸ್ರ್ಯಾಮ್‌ನ ಸೂಚನೆ. ಮುಂದಿನದು, ಹಿಂದಿನದು ಬೇರೆ ಬೇರೆಯಾಗಿ ಮಾಡಿದರೆ ಇನ್ನೂ ಒಳ್ಳೆಯದು. ಏಳೆಂಟನೇ ಸಲಕ್ಕೆ ಕೈಗೆ ವ್ಯತ್ಯಾಸ ತಿಳಿಯತೊಡಗುತ್ತದೆ: ಮೊದಲು ನಾಲ್ಕು ಬೆರಳು ಬೇಕಾಗಿದ್ದ ಕಡೆ ಎರಡು ಸಾಕಾಗುತ್ತದೆ, ಮುಗಿಯುವ ಹೊತ್ತಿಗೆ ಒಂದು. ಆಮೇಲೆ ಗಿರಿಗೆ ಹೊರಡಿ, ಚೀಲದಲ್ಲಿ ಇನ್ನೊಂದು ಜೊತೆ ಪ್ಯಾಡು ಮತ್ತು 5 ಮಿ.ಮೀ. ಆಲನ್ ಕೀ ಇಟ್ಟುಕೊಂಡು.